ಅಲ್ಲಿ ಆರು ಕೋಣೆ, ಇಲ್ಲಿ ಎರಡು

ಹೋಯ್ ಆನ್, ವಿಯೆಟ್ನಾಂ
9 ಫೆಬ್ರವರಿ 2025

ಪ್ರೀತಿಯ ರಂಜಿತ,

ಎರಡು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಅಕ್ಷರ ನೋಡಿ ನಗಬೇಡ. ಇಲ್ಲಿ ನಾನು ಕನ್ನಡದಲ್ಲಿ ಬರೆಯುವುದೆಂದರೆ ದಿನಸಿ ಚೀಟಿ ಮಾತ್ರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಭಾನುವಾರದ ಫೋನು ನಿನಗೆ ಗೊತ್ತೇ ಇದೆ. ನೀನು ಹಲೋ ಅನ್ನುವಷ್ಟರಲ್ಲಿ ಅಮ್ಮ ಕಿತ್ತುಕೊಂಡು ಏನು ಉಂಡೆ ಎಂದು ಕೇಳುತ್ತಾಳೆ. ಆಮೇಲೆ ಮೋನಿಷಾ ಸಮುದ್ರ ತೋರಿಸು ಅನ್ನುತ್ತಾಳೆ. ಕೊನೆಗೆ ಅದು ನಿನ್ನ ಕೈಗೆ ಬಂದಾಗ ಮನೆಯವರೆಲ್ಲ ಸುತ್ತ ಕೂತಿರುತ್ತಾರೆ. ನಾನು 'ಮತ್ತೆ?' ಅನ್ನುತ್ತೇನೆ, ನೀನು 'ಮತ್ತೇನಿಲ್ಲ' ಅನ್ನುತ್ತೀಯ. ಅಷ್ಟಕ್ಕೆ ಮುಗಿಯಿತು. ಅದಕ್ಕೇ ಇದನ್ನು ಜವರಪ್ಪನವರ ಕೈಗೆ ಕೊಡುತ್ತಿದ್ದೇನೆ. ದೇವನಹಳ್ಳಿಯಿಂದ ಟೂರ್ ತಂಡಗಳನ್ನು ಇಲ್ಲಿಗೆ ಕರೆತರುವವರು ಅವರೇ. ಉತ್ತರವನ್ನೂ ಅವರ ಆಫೀಸಿಗೇ ತಲುಪಿಸು, ಮುಂದಿನ ತಂಡದ ಜೊತೆ ತರುತ್ತಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಜನಕ್ಕೆ ಮುದ್ದೆ, ಸಾರು ಮಾಡಿ ಹಾಕಲು ಟೂರ್ ಕಂಪನಿಯವರು ನನ್ನನ್ನು ಇಲ್ಲಿಗೆ ಕರೆತಂದಾಗ ತಿಂಗಳಿಗೆ ಒಂದು ಬಸ್ಸು ಬರುತ್ತಿತ್ತು. ಈಗ ವಾರಕ್ಕೆ ಮೂರು ಬರುತ್ತಿವೆ. ಹಾಸನದವರು, ತುಮಕೂರಿನವರು, ಮದುವೆಯಾಗಿ ವಾರವಾಗದ ಜೋಡಿಗಳು, ನಿವೃತ್ತ ಮೇಷ್ಟ್ರುಗಳು. ದೇಶ ದೇಶದ ಜನ ಇಲ್ಲಿ ಹಣ ಹಾಕಲು ಓಡಿ ಬರುತ್ತಿದ್ದಾರೆ. ಸಮುದ್ರದ ಉದ್ದಕ್ಕೂ ದೊಡ್ಡ ಹೋಟೆಲುಗಳು ಏಳುತ್ತಿವೆ. ಅವು ನಮ್ಮ ಕೈಗೆಟಕುವಂಥವಲ್ಲ, ಬಿಡು. ಆದರೆ ಹಳೆಯ ಪೇಟೆಯಲ್ಲಿ, ಹೊಳೆಯ ದಂಡೆಯಲ್ಲೇ, ಲಾನ್ ಅಮ್ಮನ ಮನೆಯಿದೆ. ಆಕೆಗೆ ಅರವತ್ತೆಂಟು. ಗಂಡ ತೀರಿಕೊಂಡಿದ್ದಾರೆ. ಹಳದಿ ಗೋಡೆ, ಕಪ್ಪು ಮರದ ಕಂಬ, ಆರು ಕೋಣೆ. ಅದನ್ನು ಅತಿಥಿಗೃಹ ಮಾಡಿದ್ದಾಳೆ, ಆದರೆ ಒಬ್ಬಳಿಂದ ಆಗುತ್ತಿಲ್ಲ. ಹೊರದೇಶದವರು ಇಲ್ಲಿ ನೆಲ ಕೊಳ್ಳುವಂತಿಲ್ಲ, ಆದರೆ ವ್ಯವಹಾರದಲ್ಲಿ ಪಾಲು ಹಾಕಬಹುದು. ಹತ್ತು ವರ್ಷಕ್ಕೆ ನನ್ನನ್ನು ಪಾಲುದಾರನಾಗಿ ಸೇರಿಸಿಕೊಳ್ಳುತ್ತೇನೆ ಎಂದಿದ್ದಾಳೆ. ಇಲ್ಲಿನವರಿಗೆ ನಮ್ಮ ಜನ ಬೇಕು, ನಮ್ಮ ಜನಕ್ಕೆ ನಮ್ಮ ಊಟ ಬೇಕು. ಎರಡರ ನಡುವೆ ನಾನಿದ್ದೇನೆ.

ನಮ್ಮ ದ್ರಾಕ್ಷಿ ತೋಟ ಕೈಗಾರಿಕಾ ಪ್ರದೇಶಕ್ಕೆ ಹೋದಾಗ ಬಂದ ಪರಿಹಾರ ಇಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ತೆಗೆಯಬೇಕಾದರೆ ನಿನ್ನ ಸಹಿ ಬೇಕು. ಆದರೆ ನಾನು ಕೇಳುತ್ತಿರುವುದು ಬರೀ ಸಹಿಯನ್ನಲ್ಲ. ಹೋಟೆಲಿನ ಕೋಣೆ ಹೇಗಿರಬೇಕು ಎಂದು ನಿನಗೆ ಗೊತ್ತಿರುವಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ಮೋನಿಷಾಳನ್ನು ಕರೆದುಕೊಂಡು ನೀನೂ ಬಾ.

ಯೋಚಿಸಿ ಬರೆ. ಬೇಗ ಬರೆ.

ನಿನ್ನ
ಮುರಳಿ


ಬೂದಿಗೆರೆ
4 ಮಾರ್ಚ್ 2025

ಮೋನಿಷಾ ಅಪ್ಪನಿಗೆ ನಮಸ್ಕಾರಗಳು.

ಕಾಗದ ತಲುಪಿತು. ಜವರಪ್ಪನವರು ತಾವೇ ಮನೆಗೆ ತಂದುಕೊಟ್ಟರು, ಕಾಫಿ ಕುಡಿದು ಹೋದರು. ಏನು ಬರೆದಿದ್ದಾನೆ ಎಂದು ಅತ್ತೆ ಕೇಳಿದರು. ಅಲ್ಲಿ ಚಳಿ ಕಡಿಮೆಯಾಗಿದೆಯಂತೆ ಎಂದೆ. ಇಷ್ಟಕ್ಕೆ ಮೂರು ಹಾಳೆ ಯಾಕೆ ಬೇಕಾಯಿತು ಎಂದು ಅವರು ಕೇಳಲಿಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮೋನಿಷಾಗೆ ಪರೀಕ್ಷೆ ಹತ್ತಿರ ಬಂತು. ನಮ್ಮ ಹೋಟೆಲಿನಲ್ಲಿ ಈ ತಿಂಗಳು ಒಂದು ಕೋಣೆಯೂ ಖಾಲಿಯಿಲ್ಲ. ಏರ್‌ಪೋರ್ಟ್ ಹತ್ತಿರವಲ್ಲವೇ, ಜನ ಬೆಳಗಿನ ವಿಮಾನಕ್ಕೆಂದು ಬಂದು ನಾಲ್ಕು ಗಂಟೆ ಮಲಗಿ ಹೋಗುತ್ತಾರೆ. ಯಾರ ಮುಖವೂ ನೆನಪಿರುವುದಿಲ್ಲ. ದಿನಕ್ಕೆ ನಲವತ್ತು ಹಾಸಿಗೆ ಹಾಸಿಸುತ್ತೇನೆ. ಅವರು ಬಿಟ್ಟುಹೋದ ತಲೆಗೂದಲು, ಹಲ್ಲುಜ್ಜುವ ಬ್ರಷ್ಷು ನೋಡಿ ಇದ್ದವರು ಎಂಥವರಿರಬಹುದು ಎಂದುಕೊಳ್ಳುತ್ತೇನೆ.

ಕೋಣೆಯ ವಿಷಯ ನನಗೆ ಗೊತ್ತು ಎಂದಿರಿ. ಹಾಗಾದರೆ ಕೇಳುತ್ತೇನೆ. ಹೊಳೆಯ ದಂಡೆಯ ಮನೆ ಎಂದಿರಲ್ಲ, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ? ಒದ್ದೆ ಬೆಡ್‌ಶೀಟು ಎಲ್ಲಿ ಒಣಗಿಸುತ್ತೀರಿ? ಆರು ಕೋಣೆಗೆ ಎಷ್ಟು ಬಚ್ಚಲು? ಹತ್ತು ವರ್ಷವಾದ ಮೇಲೆ ಮನೆ ಯಾರದು? ಮತ್ತೆ, ನಿಮ್ಮ ಕಂಪನಿ ಕೆಲಸ ಹೇಗಿದೆ? ಅದರ ಮಾತೇ ಬರೆದಿಲ್ಲ.

ಭಾನುವಾರಗಳಲ್ಲಿ ನಾನು ನಲ್ಲೂರಿಗೆ ನಮ್ಮಮ್ಮನ ಹತ್ತಿರ ಹೋಗುತ್ತಿದ್ದೇನೆ. ಇನ್ನು ಮೇಲೆ ಫೋನು ಸಂಜೆ ಮಾಡಿ. ಅಮ್ಮನ ಚಕ್ಕೋತದ ಗಿಡಗಳು ಹೂ ಬಿಟ್ಟಿವೆ. ಹುಣಿಸೆ ತೋಪಿನವರೆಗೂ ವಾಸನೆ ಬರುತ್ತದೆ. ತೋಪು ನೋಡಲು ಈ ವರ್ಷ ಕಾರುಗಳಲ್ಲಿ ಜನ ಬರುತ್ತಿದ್ದಾರೆ. ಹಳೆಯ ಮರಗಳ ಪೊಟರೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಕುಡಿಯಲು ನೀರು ಸಿಗುತ್ತದೆಯೇ ಎಂದು ಅಮ್ಮನ ಮನೆಗೆ ಬಂದು ಕೇಳುತ್ತಾರೆ.

ಬರುವ ವಿಷಯಕ್ಕೆ ಈಗಲೇ ಏನೂ ಹೇಳಲಾರೆ. ಯುಗಾದಿ ಕಳೆಯಲಿ.

ಇಂತಿ
ರಂಜಿತ


ಹೋಯ್ ಆನ್
13 ಏಪ್ರಿಲ್ 2025

ರಂಜಿತ,

ಯುಗಾದಿ ಕಳೆದು ಎರಡು ವಾರವಾಯಿತು. ಎರಡು ಭಾನುವಾರ ಫೋನಿನಲ್ಲಿ ಹೋಳಿಗೆ ಎಷ್ಟು ಮಾಡಿದಿರಿ ಎಂಬುದೇ ಮಾತಾಯಿತು.

ನಿನ್ನ ಪ್ರಶ್ನೆಗಳಿಗೆ ಉತ್ತರ. ನೀರು ವರ್ಷಕ್ಕೆ ಒಂದೆರಡು ಸಲ ಹೊಸಿಲವರೆಗೆ ಬರುತ್ತದೆ, ಬಂದ ಹಾಗೆ ಹೋಗುತ್ತದೆ. ಇಲ್ಲಿನವರಿಗೆ ಅದು ಅಭ್ಯಾಸ. ಬೆಡ್‌ಶೀಟು ಮಾಳಿಗೆಯಲ್ಲಿ ಒಣಗುತ್ತದೆ. ಬಚ್ಚಲು ನಾಲ್ಕು. ಹತ್ತು ವರ್ಷದ ಮೇಲೆ ಮನೆ ಲಾನ್ ಅಮ್ಮನ ಮೊಮ್ಮಕ್ಕಳದ್ದು. ಆ ಹೊತ್ತಿಗೆ ಮೋನಿಷಾ ಕಾಲೇಜು ಮುಗಿಸಿರುತ್ತಾಳೆ. ಕಂಪನಿ ಕೆಲಸ ಚೆನ್ನಾಗಿದೆ.

ಬಾಡಿಗೆಗೆ ಮನೆ ನೋಡಲು ಬಂದವರು ಕೇಳುವ ಹಾಗೆ ಕೇಳಿದ್ದೀಯ. ನನಗೆ ಅರ್ಥವಾಗುತ್ತದೆ. ನನ್ನ ಅಮ್ಮನನ್ನು ಬಿಟ್ಟು ಹೇಗೆ ಬರುವುದು ಎಂಬ ಯೋಚನೆ ನಿನಗೆ, ಅದನ್ನು ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ. ಅಮ್ಮನೂ ಬರಲಿ. ಲಾನ್ ಅಮ್ಮನೂ ಅವಳ ಹಾಗೇ, ಎಲೆ ಅಡಿಕೆ ಹಾಕುತ್ತಾಳೆ, ಸಂತೆಯಲ್ಲಿ ಯಾರಿಗೂ ಸೋಲುವುದಿಲ್ಲ. ಭಾಷೆಯಿಲ್ಲದೆಯೂ ಇಬ್ಬರೂ ಜಗಳವಾಡಿಕೊಂಡಿರುತ್ತಾರೆ.

ಇಲ್ಲಿನ ಸಂತೆಯಲ್ಲೂ ಚಕ್ಕೋತ ಮಾರುತ್ತಾರೆ, ಗೊತ್ತೇ? ಸಿಪ್ಪೆ, ನಾರು ಎಲ್ಲ ಬಿಡಿಸಿ, ತೊಳೆಗಳನ್ನು ಹೂವಿನ ಹಾಗೆ ಜೋಡಿಸಿ, ಮೆಣಸಿನಪುಡಿ ಉಪ್ಪಿನ ಜೊತೆ ಕೊಡುತ್ತಾರೆ. ನಮ್ಮದರ ಕೆಂಪು ಇದಕ್ಕಿಲ್ಲ. ಮೊನ್ನೆ ಒಂದು ತಂದು ಮೆಟ್ಟಿಲ ಮೇಲೆ ಕೂತು ತಿಂದೆ. ಮದುವೆಯಾದ ವರ್ಷ ನಲ್ಲೂರಿನಲ್ಲಿ ನೀನು ತೊಳೆ ಬಿಡಿಸಿ ಬಿಡಿಸಿ ನನ್ನ ಅಂಗೈಗೆ ಇಡುತ್ತಿದ್ದೆ, ಒಂದು ಮಾತೂ ಆಡದೆ. ನಿನಗೆ ನನ್ನ ಮೇಲೆ ಸಿಟ್ಟಿದೆಯೋ ಪ್ರೀತಿಯಿದೆಯೋ ಎಂದು ನನಗೆ ಆಗ ಗೊತ್ತಾಗುತ್ತಿರಲಿಲ್ಲ. ಈಗಲೂ ಗೊತ್ತಾಗುತ್ತಿಲ್ಲ.

ಮುರಳಿ


ಬೂದಿಗೆರೆ
2 ಜೂನ್ 2025

ಮೋನಿಷಾ ಅಪ್ಪನಿಗೆ,

ಇದರ ಜೊತೆ ಬ್ಯಾಂಕಿನ ಕಾಗದ ಇಟ್ಟಿದ್ದೇನೆ. ಮೂರು ಕಡೆ ಸಹಿ ಹಾಕಿದ್ದೇನೆ. ಇನ್ನೊಂದು ಕಡೆ ಬೇಕಿದ್ದರೆ ತಿಳಿಸಿ.

ಮೋನಿಷಾ ಐದನೆಯ ಕ್ಲಾಸಿಗೆ ಹೋದಳು. ಯೂನಿಫಾರಂ ಬದಲಾಗಿದೆ. ನಲ್ಲೂರಿನಲ್ಲಿ ಅಮ್ಮನ ಜಾಗದಲ್ಲಿ ಸ್ವಲ್ಪ ಕಟ್ಟಡದ ಕೆಲಸ ನಡೆಯುತ್ತಿದೆ. ಅದನ್ನು ನೋಡಿಕೊಳ್ಳುವುದರಲ್ಲಿ ರಜೆಯೆಲ್ಲ ಹೋಯಿತು.

ಸಿಟ್ಟಿಲ್ಲ.

ರಂಜಿತ


ಹೋಯ್ ಆನ್
10 ಜುಲೈ 2025

ನನ್ನ ರಂಜಿತ,

ನಿನ್ನ ಮೂರು ಸಹಿಗಳನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಇಷ್ಟು ದಿನ ನೀನು ಸುಮ್ಮನಿದ್ದುದು ಬೇಡ ಎಂಬುದಕ್ಕೆ ಎಂದುಕೊಂಡಿದ್ದೆ. ತಪ್ಪು ತಿಳಿದಿದ್ದೆ, ಕ್ಷಮಿಸು. ನೀನು ಮೊದಲಿಂದಲೂ ಹಾಗೆಯೇ. ಹೇಳುವುದಿಲ್ಲ, ಮಾಡಿಬಿಡುತ್ತೀಯ.

ಪಾಲಿನ ಪತ್ರ ಆಯಿತು. ಹೊಳೆಯ ಕಡೆಯ ಮೇಲಿನ ಕೋಣೆಯಲ್ಲಿ ನಮ್ಮ ಸಂಸಾರ ಎಂದು ಲಾನ್ ಅಮ್ಮ ತಾನಾಗಿಯೇ ಹೇಳಿದಳು. ಗೋಡೆಗೆ ಬಣ್ಣ ನಾನೇ ಬಳಿದೆ. ಮೋನಿಷಾಗೆ ಓದುವ ಮೇಜು ತಂದೆ. ಬಡಗಿ ಕೇಳಿದ ದರಕ್ಕೆ ಚೌಕಾಸಿಯನ್ನೂ ಮಾಡಲಿಲ್ಲ, ಅಷ್ಟು ಖುಷಿಯಲ್ಲಿದ್ದೆ. ಡಾ ನಾಂಗ್‌ನಲ್ಲಿ ಇಂಗ್ಲಿಷ್ ಶಾಲೆಯಿದೆ, ಬಸ್ಸು ಬರುತ್ತದೆ. ನಿನಗೆ ಪಾಸ್‌ಪೋರ್ಟಿದೆ, ಹೋಟೆಲಿನವರೇ ಮಾಡಿಸಿದ್ದರಲ್ಲ. ಮೋನಿಷಾಳದ್ದು ಮಾಡಿಸು. ದಸರಾ ರಜೆಗೆ ಬಂದುಬಿಡಿ.

ದಿನಾ ಮಧ್ಯಾಹ್ನ ಅತಿಥಿಗಳೆಲ್ಲ ಹೊರಗೆ ಹೋದ ಮೇಲೆ ಆ ಕೋಣೆಗೆ ಹೋಗಿ ಸುಮ್ಮನೆ ಕಿಟಕಿ ತೆರೆದು ಮುಚ್ಚಿ ಬರುತ್ತೇನೆ. ನಿನಗೆ ಗಾಳಿ ಬೇಕು ಎಂದು ಗೊತ್ತು.

ನಿನ್ನ
ಮುರಳಿ


ಬೂದಿಗೆರೆ
30 ಅಕ್ಟೋಬರ್ 2025, ಗುರುವಾರ

ರೀ,

ಸೋಮವಾರದಿಂದ ನಿಮ್ಮ ಫೋನು ಸಿಗುತ್ತಿಲ್ಲ. ಟೀವಿಯಲ್ಲಿ ನಿಮ್ಮ ಪೇಟೆ ತೋರಿಸಿದರು. ಬೀದಿಯಲ್ಲಿ ದೋಣಿ ಹೋಗುತ್ತಿತ್ತು. ಹಳದಿ ಗೋಡೆಗಳ ಅರ್ಧದವರೆಗೆ ಕಂದು ನೀರು. ಅಲ್ಲಿ ಎಲ್ಲ ಮನೆಯೂ ಹಳದಿಯೇ, ಯಾವುದು ನಿಮ್ಮದು ಎಂದು ಹುಡುಕುವುದು ಹೇಗೆ? ಜವರಪ್ಪನವರಿಗೂ ಏನೂ ಗೊತ್ತಾಗಿಲ್ಲ. ಮುಂದಿನ ತಂಡ ರದ್ದಾಗಿದೆಯಂತೆ. ಎಂದರೆ ಈ ಕಾಗದವನ್ನು ಒಯ್ಯುವವರು ಯಾರೂ ಇಲ್ಲ. ಅದಕ್ಕೇ ಬರೆಯಲು ಧೈರ್ಯ ಬಂದಿದೆ.

ಅತ್ತೆ ಮೂರು ದಿನದಿಂದ ಫೋನನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ನನ್ನ ಮುಖ ನೋಡಿ, "ಅವ್ನು ನೀರಿಗೆ ಹೆದರೋನಲ್ಲ ಕಣಮ್ಮಿ, ನೀನು ಉಣ್ಣು" ಅಂದರು. ಅವರು ಉಂಡಿಲ್ಲ.

ನಾನು ನಿಮಗೆ ಒಂದು ಮಾತು ಮುಚ್ಚಿಟ್ಟೆ. ನಲ್ಲೂರಿನ ಅಮ್ಮನ ಜಾಗದಲ್ಲಿ ಕಟ್ಟಡದ ಕೆಲಸ ಎಂದೆನಲ್ಲ, ಅದು ನನ್ನದು. ತೋಪು ನೋಡಲು ಬರುವವರು ಉಳಿಯಲೆಂದು ಚಕ್ಕೋತದ ಗಿಡಗಳ ನಡುವೆ ಎರಡು ಕೋಣೆ, ಒಂದು ಅಡುಗೆಮನೆ. ನಾನು ಹೋಟೆಲಿನಲ್ಲಿ ಹನ್ನೊಂದು ವರ್ಷ ದುಡಿದ ಪಿ.ಎಫ್. ಅದಕ್ಕೆ ಹೋಯಿತು. ಆಗಸ್ಟಿನಲ್ಲಿ ಆ ಕೆಲಸವನ್ನೂ ಬಿಟ್ಟೆ. ನಿಮ್ಮ ಮೊದಲ ಕಾಗದ ಬಂದ ದಿನ ಪಾಯ ತೋಡಿ ಎಂಟು ದಿನವಾಗಿತ್ತು. ನೀವು ಬನ್ನಿ ಎಂದು ಬರೆದಿದ್ದಿರಿ. ನಾನು ನಿಮ್ಮನ್ನು ಕರೆಸಿಕೊಳ್ಳಲು ಕಟ್ಟುತ್ತಿದ್ದೆ. ಎಲ್ಲ ಮುಗಿದ ಮೇಲೆ ಫೋಟೋ ಕಳಿಸಿ, ಇನ್ನು ಬನ್ನಿ, ಇಲ್ಲೇ ಅಡುಗೆ ಮಾಡಿ, ಬೇರೆಯವರ ದೇಶದಲ್ಲಿ ಯಾಕೆ ಎಂದು ಹೇಳಬೇಕೆಂದಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಹೇಗೆ ಹೇಳಲಿ? ನನ್ನದು ಎರಡು ಕೋಣೆ, ನಿಮ್ಮದು ಆರು.

ಸಹಿ ಹಾಕಿದ್ದು ಬರುತ್ತೇನೆ ಎಂದಲ್ಲ. ನನ್ನ ಹಣವನ್ನು ನಿಮ್ಮನ್ನು ಕೇಳದೆ ನನ್ನ ಆಸೆಗೆ ಹಾಕಿದ್ದೇನೆ, ನಿಮ್ಮ ಆಸೆಗೆ ಅಡ್ಡ ನಿಲ್ಲಲು ನಾನು ಯಾರು ಎನ್ನಿಸಿತು. ನೀವು ಅದನ್ನು ಬೇರೆಯಾಗಿ ತಿಳಿದಿರಿ. ಮೇಜು ತಂದೆ ಎಂದು ಬರೆದಿರಿ. ಆ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ. ಭಾನುವಾರ ಫೋನಿನಲ್ಲಿ ದಸರಾ ರಜೆಗೆ ಟಿಕೆಟ್ ಸಿಗಲಿಲ್ಲ ಎಂದೆ. ಸುಳ್ಳು. ಕೇಳಿಯೇ ಇರಲಿಲ್ಲ.

ಅಡುಗೆಮನೆಯ ಕಟ್ಟೆ ಕಟ್ಟುವಾಗ ಗಾರೆಯವನಿಗೆ ನಾಲ್ಕು ಬೆರಳು ಎತ್ತರಿಸು ಎಂದೆ. ಎಲ್ಲ ಕಟ್ಟೆಯೂ ನಿಮಗೆ ತಗ್ಗಾಗಿ ಬೆನ್ನು ನೋಯುತ್ತದೆ ಅನ್ನುತ್ತಿದ್ದಿರಲ್ಲ. ಅವನು, "ನಿಮ್ಮ ಹೈಟಿಗೆ ಜಾಸ್ತಿ ಆಯ್ತದಲ್ಲಕ್ಕಾ?" ಎಂದು ಕೇಳಿದ. "ನಂಗಲ್ಲ" ಅಂದೆ. ಈಗ ನಾನು ಒಂದು ಹಲಗೆ ಹಾಕಿಕೊಂಡು ಅದರ ಮೇಲೆ ನಿಂತು ಅಡುಗೆ ಮಾಡುತ್ತೇನೆ.

ಮೊದಲು ಬಂದವರು ಹುಬ್ಬಳ್ಳಿಯ ಇಬ್ಬರು ಟೀಚರುಗಳು. ಹುಣಿಸೆ ಮರಗಳ ಚಿತ್ರ ಬರೆಯಲು ಬಂದಿದ್ದರು. ಒಂದು ದಿನಕ್ಕೆ ಎಂದವರು ಮೂರು ದಿನ ಇದ್ದರು. ಹೋಗುವಾಗ ಒಬ್ಬಾಕೆ, ನಿಮ್ಮ ಮನೆಯವರು ಎಲ್ಲಿದ್ದಾರೆ ಎಂದು ಕೇಳಿದರು. ಅವರೂ ಇದೇ ಕೆಲಸದಲ್ಲಿದ್ದಾರೆ ಎಂದೆ.

ನೀವು ಎಲ್ಲಿದ್ದೀರಿ? ನೀರು ಹೊಸಿಲವರೆಗೆ ಬರುತ್ತದೆ ಎಂದಿದ್ದಿರಿ. ನಾನು ಕೇಳಿದ್ದೆ.

ರಂಜಿತ


ಹೋಯ್ ಆನ್
27 ನವೆಂಬರ್ 2025

ರಂಜಿತ,

ನವೆಂಬರ್ ಒಂದರಂದು ಬೇರೆಯವರ ಫೋನಿನಿಂದ "ಬದುಕಿದ್ದೀನಿ" ಎಂದಾಗ ನೀನು ಒಂದು ಮಾತೂ ಆಡಲಿಲ್ಲ. ಅಮ್ಮ ಅಳುವುದು ಕೇಳಿಸಿತು, ನಿನ್ನದು ಉಸಿರು ಮಾತ್ರ. ನಿನ್ನ ಕಾಗದ ಮೊನ್ನೆ ಜವರಪ್ಪನವರ ಕೈಯಲ್ಲಿ ಬಂದಾಗ ಯಾಕೆಂದು ಗೊತ್ತಾಯಿತು.

ಮೊದಲು ನೀರಿನ ಕಥೆ ಹೇಳುತ್ತೇನೆ. ಬೆಳಿಗ್ಗೆ ಹೊಸಿಲಲ್ಲಿದ್ದದ್ದು ಮಧ್ಯಾಹ್ನಕ್ಕೆ ಏಳನೆಯ ಮೆಟ್ಟಿಲಿಗೆ ಬಂತು. ಇಂಥದ್ದನ್ನು ಲಾನ್ ಅಮ್ಮನೂ ಹೆಚ್ಚು ಕಂಡಿಲ್ಲವಂತೆ. ಈ ಹಳೆಯ ಮನೆಗಳ ಅಟ್ಟದ ನಡುವೆ ಒಂದು ಚೌಕದ ಬಾಗಿಲಿರುತ್ತದೆ. ನಾನು ಅದನ್ನು ಗಾಳಿಗೆಂದು ತಿಳಿದಿದ್ದೆ. ಆಕೆ ಹಗ್ಗ ತಂದು, ಅದರೊಳಗಿಂದ ಮೇಜು, ಬೀರು, ಅಕ್ಕಿ ಮೂಟೆ, ಗಂಡನ ಫೋಟೋ ಎಲ್ಲವನ್ನೂ ಮೇಲಕ್ಕೆ ಎಳೆಸಿದಳು. ದೊಡ್ಡಬಳ್ಳಾಪುರದ ಹನ್ನೊಂದು ಜನ ಆಗ ನಮ್ಮಲ್ಲಿದ್ದರು. ನಿಮಗೆಂದು ಬಣ್ಣ ಬಳಿದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದೆ. ಕರೆಂಟಿಲ್ಲ, ಕೆಳಗಿನ ಒಲೆ ನೀರಿನಲ್ಲಿ. ಒಂದು ಸಣ್ಣ ಗ್ಯಾಸ್ ಒಲೆಯಲ್ಲಿ ಎರಡು ದಿನ ಅನ್ನ, ಹುಣಿಸೆ ಗೊಜ್ಜು. ಪಕ್ಕದ ಮನೆಯವರಿಗೂ ಕಿಟಕಿಯಿಂದ ಕಿಟಕಿಗೆ ಬುಟ್ಟಿಯಲ್ಲಿ ಕಳಿಸಿದೆವು. ಅವರಲ್ಲೊಬ್ಬ ಅಜ್ಜ ಗೊಜ್ಜು ಮತ್ತೆ ಕೇಳಿ ಕಳಿಸಿದ. ನೀರು ಇಳಿಯುವಾಗ ಇಡೀ ಬೀದಿ ಪೊರಕೆ ಹಿಡಿದು ಇಳಿಯಿತು. ನೀರಿರುವಾಗಲೇ ಗುಡಿಸಿ ತಳ್ಳಬೇಕು, ಇಲ್ಲದಿದ್ದರೆ ಕೆಸರು ಗಟ್ಟಿಯಾಗುತ್ತದೆ. ನಾನೂ ಅವರ ಸಾಲಿನಲ್ಲಿ ನಿಂತು ಗುಡಿಸಿದೆ.

ಈಗ ನಿನ್ನ ಕಾಗದ. ಓದಿ ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಮೂರು ತಿಂಗಳು ಭಾನುವಾರ ಭಾನುವಾರ ಮಾತಾಡಿದೆವು. ನಾನು ಕಿಟಕಿ ತೆರೆದು ಮುಚ್ಚುತ್ತಿದ್ದೆ. ನೀನು ಟಿಕೆಟ್ ಸಿಗಲಿಲ್ಲ ಎನ್ನುತ್ತಿದ್ದೆ. ಆಮೇಲೆ ಅಡುಗೆಮನೆಯ ಕಟ್ಟೆಯ ಬಗ್ಗೆ ನೀನು ಬರೆದ ಸಾಲು ಬಂತು. ಒಲೆ ಆರಿಸಿ ಹೊರಗೆ ಹೋಗಿ ಕೂತೆ. ಲಾನ್ ಅಮ್ಮ ಬಂದು ಸಾರು ಕುದಿಯುವುದು ನಿಂತಿದೆ ಎಂದು ತೋರಿಸಿದಳು. ನಾನು ಏಳಲಿಲ್ಲ.

ನಾನೂ ಮುಚ್ಚಿಟ್ಟಿದ್ದೇನೆ. ಕಂಪನಿ ಕೆಲಸ ಚೆನ್ನಾಗಿದೆ ಎಂದು ಬರೆದ ದಿನ ನಾನು ಆ ಕೆಲಸ ಬಿಟ್ಟು ಒಂದೂವರೆ ತಿಂಗಳಾಗಿತ್ತು. ನನ್ನ ಉಳಿತಾಯವನ್ನು ಲಾನ್ ಅಮ್ಮನ ಕೈಗೆ ಕೊಟ್ಟಾಗಿತ್ತು. ನಿನ್ನನ್ನು ಕೇಳುವ ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಕೇಳುವವನ ಹಾಗೆ ಬರೆದೆ. ನೀನು ಅಲ್ಲಿ ಪಾಯ ತೋಡಿಸುವಾಗ ನಾನು ಇಲ್ಲಿ ಅದನ್ನೇ ಮಾಡುತ್ತಿದ್ದೆ.

ನಾನು ಒಂದನ್ನೇ ಕೇಳುತ್ತೇನೆ. ಇರಲು ಬರಬೇಡ. ಒಮ್ಮೆ ನೋಡಲು ಬಾ. ಜನವರಿಯಲ್ಲಿ ಜವರಪ್ಪನವರ ತಂಡ ಹೊರಡುತ್ತದೆ, ಐದು ರಾತ್ರಿ, ಆರು ಹಗಲು. ಅದರಲ್ಲಿ ಎರಡು ಸೀಟು ಹೇಳಿದ್ದೇನೆ.

ಮುರಳಿ


ನಲ್ಲೂರು
26 ಜನವರಿ 2026

ಮೋನಿಷಾ ಅಪ್ಪನಿಗೆ,

ನಾವು ಕ್ಷೇಮವಾಗಿ ತಲುಪಿದೆವು. ಮೋನಿಷಾ ಶಾಲೆಯಲ್ಲಿ ಎಲ್ಲರಿಗೂ ಹರಿಗೋಲಿನ ಕಥೆ ಹೇಳುತ್ತಿದ್ದಾಳೆ. ದುಂಡನೆಯ ಬುಟ್ಟಿಯಲ್ಲಿ ಕೂತು ಬುಗುರಿಯ ಹಾಗೆ ತಿರುಗಿದೆವು ಎಂದರೆ ಯಾರೂ ನಂಬುತ್ತಿಲ್ಲವಂತೆ.

ಅಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಬರೆಯುವುದು ರೂಢಿಯಾದ ಮೇಲೆ ಮಾತು ಕಷ್ಟವಾಗಿದೆ ನಮಗೆ. ಅಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಹೇಳುತ್ತೇನೆ.

ಬಸ್ಸಿನಿಂದ ಇಳಿದಾಗ ನೀವು ಬಾಗಿಲಲ್ಲಿ ನಿಂತಿದ್ದಿರಿ. ಎಲ್ಲರ ತಲೆಯ ಮೇಲೂ ಜವರಪ್ಪನವರು ಕೊಟ್ಟ ನೀಲಿ ಟೋಪಿ. ನನ್ನ ತಲೆಯ ಮೇಲೂ. ನೀವು ಒಬ್ಬೊಬ್ಬರಿಗೂ ಕೈಮುಗಿದು ಬನ್ನಿ ಬನ್ನಿ ಎನ್ನುತ್ತಾ ನನಗೂ ಕೈಮುಗಿದಿರಿ. ಆಮೇಲೆ ಗುರುತು ಸಿಕ್ಕಿತು. ನಿಮ್ಮ ಕೈ ಹಾಗೇ ನಿಂತಿತು. ಕೂದಲು ಇಷ್ಟು ಬೆಳ್ಳಗಾಗಿರುವುದು ಫೋನಿನಲ್ಲಿ ಕಾಣುವುದಿಲ್ಲ.

ಎರಡನೆಯ ದಿನ ಲಾನ್ ಅಮ್ಮ ನನ್ನ ಕೈ ಹಿಡಿದು ಬಟ್ಟೆ ಬೀರುವಿನ ಹತ್ತಿರ ಕರೆದುಕೊಂಡು ಹೋದರು. ಒಂದು ಬೆಡ್‌ಶೀಟು ತೆಗೆದು ನನ್ನ ಕಡೆಗೆ ಎರಡು ಮೂಲೆ ಚಾಚಿದರು. ನಾನು ಹಿಡಿದೆ. ಇಬ್ಬರೂ ಎಳೆದು ಮಡಿಸಿದೆವು. ಹೀಗೆ ಇಡೀ ಬೀರು. ನಾನು ಅಂಚನ್ನು ಒಳಗೆ ಮಡಿಸುವುದನ್ನು ನೋಡಿ ಅವರು ತಮ್ಮದನ್ನೆಲ್ಲ ಬಿಚ್ಚಿ ಮತ್ತೆ ಹಾಗೇ ಮಡಿಸಿದರು. ಅಷ್ಟು ಹೊತ್ತಿನಲ್ಲಿ ಅವರಿಗೆ ನನ್ನ ವಿಷಯ ಎಲ್ಲ ತಿಳಿಯಿತೇನೋ. ಕೊನೆಯಲ್ಲಿ ನನ್ನ ಕೆನ್ನೆ ತಟ್ಟಿ ಏನೋ ಹೇಳಿದರು. ನಿಮ್ಮನ್ನು ಅರ್ಥ ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಸಂತೆಗೆ ನಿಮ್ಮ ಹಿಂದೆ ಬಂದೆನಲ್ಲ, ಅಲ್ಲಿ ಮೀನಿನವಳು ಏನೋ ಅಂದಳು, ನೀವು ಅವರ ಭಾಷೆಯಲ್ಲೇ ತಿರುಗಿಸಿ ಹೇಳಿದಿರಿ. ಸುತ್ತಲಿನ ಹೆಂಗಸರೆಲ್ಲ ನಕ್ಕರು. ನೀವು ತಲೆ ಹಿಂದಕ್ಕೆ ಹಾಕಿ ನಕ್ಕಿರಿ. ನಮ್ಮೂರಿನಲ್ಲಿ ನೀವು ಹಾಗೆ ನಕ್ಕಿದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಸಿಗಲಿಲ್ಲ. ಹೇಗಾದರೂ ಮಾಡಿ ಕರೆದುಕೊಂಡು ಹೋಗಬೇಕು ಎಂದು ಬಂದಿದ್ದೆ. ಆ ಮಾತು ಅಲ್ಲಿಗೇ ಹೊಟ್ಟೆಯೊಳಗೆ ಹೋಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಹರಿಗೋಲಿಗೆ ಹೋದರು, ನಾನು ತಲೆನೋವು ಎಂದು ಉಳಿದೆ. ಕಿಟಕಿಯ ಹತ್ತಿರ ಏನೇನೋ ಹೇಳುತ್ತಾ ನೀವು ಕುರ್ಚಿಯಲ್ಲೇ ನಿದ್ದೆ ಹೋದಿರಿ. ನಿಮ್ಮ ಉಸಿರು ಕೊನೆಯಲ್ಲಿ ಸಣ್ಣಗೆ ತಡೆದು ಬರುತ್ತದೆ. ಆ ಸದ್ದನ್ನು ನಾನು ಮರೆತಿದ್ದೆ. ಮರೆತಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ನೀವು ಏಳುವವರೆಗೆ ಅಲ್ಲಾಡದೆ ಕೂತಿದ್ದೆ.

ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದಿರಿ. ಇಪ್ಪತ್ತಮೂರು ಎಂದು ಜವರಪ್ಪನವರಿಗೆ ಹೇಳಿದಿರಿ. ಆ ಇಪ್ಪತ್ತಮೂರರಲ್ಲಿ ನಾವಿಬ್ಬರು.

ಈ ಸಲ ತಪ್ಪು ತಿಳಿಯದ ಹಾಗೆ ಬರೆಯುತ್ತೇನೆ. ನಾನು ಅಲ್ಲಿರಲು ಬರುವುದಿಲ್ಲ. ಅತ್ತೆಯ ಕಾರಣಕ್ಕಲ್ಲ. ನನ್ನ ಎರಡು ಕೋಣೆ ನನಗೆ ಬೇಕು. ಹನ್ನೊಂದು ವರ್ಷ ಬೇರೆಯವರ ಹೆಸರಿನ ಬೋರ್ಡಿನ ಕೆಳಗೆ ಹಾಸಿಗೆ ಹಾಸಿದವಳು ನಾನು. ಈಗ ಬಂದವರು ನನ್ನ ಹೆಸರು ಕೇಳಿಕೊಂಡು ಬರುತ್ತಾರೆ. ನೀವು ಎಲ್ಲ ಬಿಟ್ಟು ಬನ್ನಿ ಎಂದೂ ಹೇಳುವುದಿಲ್ಲ. ನೋಡಿ ಬಂದಿದ್ದೇನೆ, ಹೇಳಲಾರೆ.

ಆದರೆ ಹೀಗೆ ಬದುಕುವುದು ಹೇಗೆ ಎಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ.

ರಂಜಿತ


ಹೋಯ್ ಆನ್
22 ಫೆಬ್ರವರಿ 2026

ರಂಜಿತ,

ಲಾನ್ ಅಮ್ಮ ಅಂದು ನಿನಗೆ ಹೇಳಿದ್ದೇನೆಂದು ಕೇಳಿದೆ. ಈ ಹುಡುಗಿಯ ಕೈ ಕೆಲಸದ ಕೈ, ಇವಳು ಯಾರ ಮನೆಯಲ್ಲೂ ಕೂತು ಉಣ್ಣುವವಳಲ್ಲ ಎಂದಳಂತೆ. ನನಗಿಂತ ಬೇಗ ಅವಳಿಗೆ ತಿಳಿಯಿತು.

ನೀವು ಹೋದ ದಿನ ಅಡುಗೆಮನೆಗೆ ಹೋಗಿ ಇಪ್ಪತ್ತಮೂರು ತಟ್ಟೆ ತೊಳೆದೆ. ಯಾವುದರಲ್ಲಿ ನೀನು ಉಂಡಿದ್ದೆ ಎಂದು ಗೊತ್ತಾಗಲಿಲ್ಲ.

ಈಗ ಹೇಳಬೇಕಾದದ್ದು. ಕಳೆದ ಸಲದ ನೀರು ಕಂಡ ಮೇಲೆ ಲಾನ್ ಅಮ್ಮ ಒಂದು ತೀರ್ಮಾನ ಮಾಡಿದ್ದಾಳೆ. ಇನ್ನು ಮೇಲೆ ಪ್ರತಿ ವರ್ಷ ಸೆಪ್ಟೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ ಮನೆ ಮುಚ್ಚುತ್ತದೆ. ಸಾಮಾನೆಲ್ಲ ಅಟ್ಟಕ್ಕೆ, ಬಾಗಿಲಿಗೆ ಹಲಗೆ. ಆಕೆ ಮಗಳ ಊರಿಗೆ ಹೋಗುತ್ತಾಳೆ. ನೀನು ಎಲ್ಲಿಗೆ ಹೋಗುತ್ತೀಯ ಎಂದು ನನ್ನನ್ನು ಕೇಳಿದಳು. ಊರಿಗೆ ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಮೂರು ತಿಂಗಳು. ಗೌರಿ ಹಬ್ಬದ ಹೊತ್ತಿಗೆ ಬಂದರೆ ಅವರೆಕಾಯಿ ಕಾಲ ಶುರುವಾಗುವವರೆಗೆ. ನಿನ್ನ ಅತಿಥಿಗಳಿಗೆ ನಾನು ಅಡುಗೆ ಮಾಡುತ್ತೇನೆ. ನೀನು ಹೇಳಿದ್ದನ್ನು ಮಾಡುತ್ತೇನೆ. ಉಳಿದ ಒಂಬತ್ತು ತಿಂಗಳು ಇಲ್ಲಿ. ಬೇಸಿಗೆ ರಜೆಗೆ ನೀವಿಬ್ಬರೂ ಬಂದರೆ ಬನ್ನಿ, ತಂಡದ ಜೊತೆಯಲ್ಲ, ಟೋಪಿ ಹಾಕಿಕೊಂಡಲ್ಲ.

ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚಲಿಲ್ಲ. ವರ್ಷಕ್ಕೆ ಮೂರು ತಿಂಗಳು ಸಾಕೇ ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ. ಸಾಕೇ?

ಮುರಳಿ


ನಲ್ಲೂರು
15 ಮಾರ್ಚ್ 2026

ನಿಮಗೆ,

ಈ ಸಲದ ಕಾಗದವನ್ನು ಬೂದಿಗೆರೆ ಮನೆಯಲ್ಲಿ ಅತ್ತೆಗೆ ಓದಿ ಹೇಳಿದೆ. ಅವರು, "ಮೂರು ತಿಂಗ್ಳಾ? ಬಾಣಂತನಕ್ಕೆ ಬಂದ ಮಗ್ಳು ಇರೋವಷ್ಟು" ಅಂದರು. ಆಮೇಲೆ ಒಳಗೆ ಹೋಗಿ ನಿಮ್ಮ ಪಂಚೆಗಳನ್ನು ತೆಗೆದು ಬಿಸಿಲಿಗೆ ಹಾಕಿದರು. ಇನ್ನೂ ಆರು ತಿಂಗಳಿದೆ ಎಂದು ನಾನು ಹೇಳಲಿಲ್ಲ.

ಸಾಕೇ ಎಂದು ಕೇಳಿದ್ದೀರಿ.

ಸಾಲದು.

ಬನ್ನಿ.

ರಂಜಿತ